ಇದಕ್ಕಿಂತ ಕೆಳಗೆ ಬೇಡ

ಮಾವ: ಕುಸ್ತಿ ಹುಡುಗರ ತೂಕ ನೋಡೋಕೆ ಮೊದಲು ಅವರ ಉಚ್ಚೆ ನೋಡ್ತೀರಂತೆ ಅಮೆರಿಕದ ನಿಮ್ಮ ವಿಸ್ಕಾನ್ಸಿನ್‌ನಲ್ಲಿ. ನಿಮ್ಮಮ್ಮ ಹೇಳಿದಳು. ಗರಡಿಯಲ್ಲೇ ಬೆಳೆದ ನನಗೆ ಇದು ತಲೆಗೆ ಹತ್ತಲಿಲ್ಲ. ಹುಡುಗ ಮಟ್ಟಿಗೆ ಇಳಿದು ನಾಲ್ಕು ದಂಡ ಹೊಡೆದರೆ ಸಾಕು, ಅವನಲ್ಲಿ ಕಸುವು ಎಷ್ಟಿದೆ ಅಂತ ಉಸ್ತಾದರ ಕಣ್ಣಿಗೆ ಗೊತ್ತಾಗುತ್ತೆ. ಉಚ್ಚೆಯಲ್ಲಿ ಏನು ಕಾಣುತ್ತೆ?

ಸೊಸೆ: ಹುಡುಗ ಮಾಮೂಲಿನ ಹಾಗೆ ನೀರು ಕುಡಿದು ಬಂದಿದ್ದಾನೋ, ಬೆವರಿಳಿಸಿ ಒಣಗಿ ಬಂದಿದ್ದಾನೋ ಅನ್ನೋದು ಕಾಣುತ್ತೆ ಮಾವ. ಒಣಗಿ ಬಂದಿದ್ದರೆ ಅವತ್ತು ಬೇರೆ ಯಾವ ಅಳತೆಯನ್ನೂ ತೆಗೆಯೋ ಹಾಗಿಲ್ಲ. ವಾಪಸ್ ಕಳಿಸಿಬಿಡ್ತೀವಿ. ಕನಿಷ್ಠ ಒಂದು ದಿನ ಬಿಟ್ಟು, ಸರಿಯಾಗಿ ಉಂಡು, ನೀರು ಕುಡಿದು ಮತ್ತೆ ಬರಬೇಕು.

ಮಾವ: ಕುಸ್ತಿಗೆ ಬರೋನು ತೂಕ ಕಮ್ಮಿ ತೋರಿಸಿದರೆ ನಿಮಗೇನು ಕಷ್ಟ? ಅದು ಅವನ ಜಾಣತನ ಅಲ್ಲವಾ?

ಸೊಸೆ: ಸ್ಪರ್ಧೆ ದಿನದ ತೂಕ ಬೇರೆ, ಇದು ಬೇರೆ. ಇದು ಸೀಸನ್ ಶುರುವಾಗೋಕೆ ಮುಂಚೆ ನಡೆಯೋ ಅಳತೆ. ಈ ವರ್ಷ ಈ ಹುಡುಗ ಎಷ್ಟರವರೆಗೆ ಇಳಿಯಬಹುದು, ಯಾವ ತೂಕಕ್ಕಿಂತ ಕೆಳಗೆ ಇಳಿಯಕೂಡದು ಅಂತ ಒಂದು ಗೆರೆ ಹಾಕ್ತೀವಿ. ಕನಿಷ್ಠ ತೂಕ ಅಂತ ಅದಕ್ಕೆ ಹೆಸರು. ಒಮ್ಮೆ ಗೆರೆ ಹಾಕಿದ ಮೇಲೆ ಆ ವರ್ಷ ಪೂರ್ತಿ ಅವನ ಕೋಚ್ ಕೂಡ ಅವನನ್ನ ಅದಕ್ಕಿಂತ ಕೆಳಗಿನ ವಿಭಾಗದಲ್ಲಿ ಆಡಿಸೋ ಹಾಗಿಲ್ಲ. ಇನ್ನೊಂದು ವಿಷಯ ಮಾವ, ಆ ಗೆರೆ ಹಾಕೋನು ತಂಡದ ಕೋಚ್ ಆಗಿರಬಾರದು. ತರಬೇತಿ ಪಡೆದ ಬೇರೆಯವರೇ ಅಳೆಯಬೇಕು.

ಮಾವ: ನಮ್ಮ ಕಾಲದಲ್ಲಿ ಇದ್ಯಾವುದೂ ಬೇಕಿರಲಿಲ್ಲ ತಾಯಿ. ದಸರಾಕ್ಕೆ ಮುಂಚೆ ಜೋಡಿ ಕಟ್ಟುತ್ತಾರಲ್ಲ, ಅಲ್ಲಿ ಪೈಲ್ವಾನರನ್ನ ಎದುರು ಬದುರು ನಿಲ್ಲಿಸಿ ಎತ್ತರ, ಮೈಕಟ್ಟು, ವಯಸ್ಸು, ಹಿಂದೆ ಯಾರ ಜೊತೆ ಆಡಿದ್ದಾನೆ, ಎಲ್ಲಾ ನೋಡಿ ಹಿರಿಯರು ‘ಇವನಿಗೆ ಇವನು’ ಅಂತ ತೀರ್ಮಾನ ಮಾಡೋರು. ಹಾಲು, ತುಪ್ಪ, ಬಾದಾಮಿ ತಿಂದು ಮೈ ಬೆಳೆಸೋದೇ ಪೈಲ್ವಾನಿಕೆ ಆಗಿತ್ತು. ಹಸಿದುಕೊಂಡು ಕುಸ್ತಿಗೆ ಹೋಗೋದು ಅಂದರೆ ಅವಮಾನ.

ಸೊಸೆ: ಆ ಪದ್ಧತಿಯಲ್ಲಿ ಒಂದು ದೊಡ್ಡ ಒಳ್ಳೇದು ಇತ್ತು. ಇರೋ ಮೈಗೆ ತಕ್ಕ ಎದುರಾಳಿಯನ್ನ ಹುಡುಕ್ತಿದ್ದಿರಿ. ಮ್ಯಾಟ್ ಕುಸ್ತಿಯಲ್ಲಿ ತೂಕದ ವಿಭಾಗ ಮೊದಲೇ ಇರುತ್ತೆ, 57, 61, 65, 70 ಕೆಜಿ ಅಂತ. ಆ ಅಂಕಿಗೆ ಮೈಯನ್ನ ಹೊಂದಿಸಬೇಕು. ಇವತ್ತು ನಿಮ್ಮ ಗರಡಿಯಿಂದ ಕ್ರೀಡಾ ಹಾಸ್ಟೆಲ್‌ಗೆ ಹೋದ ಹುಡುಗರು ಆಡೋದು ಮ್ಯಾಟ್ ಮೇಲೆ ತಾನೆ?

ಮಾವ: ಅದು ನಿಜ. ಈಗ ಮಣ್ಣು ಬರೀ ದಸರಾಕ್ಕೆ, ಜಾತ್ರೆಗೆ. ಪದಕ, ಸರ್ಟಿಫಿಕೇಟ್, ಪೊಲೀಸ್ ಕೆಲಸ, ರೈಲ್ವೆ ಕೆಲಸ ಎಲ್ಲಾ ಮ್ಯಾಟಿನಿಂದಲೇ. ಸೆಲೆಕ್ಷನ್‌ಗೆ ಎರಡು ದಿನ ಇರುವಾಗ ಹುಡುಗರು ಮೈಗೆ ಪ್ಲಾಸ್ಟಿಕ್ ಸುತ್ತಿಕೊಂಡು, ಮೇಲೆ ಸ್ವೆಟರ್ ಹಾಕಿಕೊಂಡು ಬಿಸಿಲಲ್ಲಿ ಓಡೋದನ್ನ ನೋಡಿದ್ದೀನಿ. ಬಾಯಿಗೆ ನೀರು ಹಾಕಿ ಮುಕ್ಕಳಿಸಿ ಉಗೀತಾರೆ, ನುಂಗಲ್ಲ. ನೋಡೋಕೆ ಸಂಕಟ ಆಗುತ್ತೆ. ಆದರೂ ಎಲ್ಲಾ ಕಡೆ ಹಾಗೇ ನಡೀತಿದೆಯಲ್ಲ ಅಂತ ಸುಮ್ಮನಿರ್ತೀವಿ.

ಸೊಸೆ: ಅಮೆರಿಕದಲ್ಲೂ ಹಾಗೇ ಸುಮ್ಮನಿದ್ದರು. 1997ರ ನವೆಂಬರ್ ಮೊದಲ ವಾರದಿಂದ ಡಿಸೆಂಬರ್ ಎರಡನೇ ವಾರದೊಳಗೆ ಮೂವರು ಕಾಲೇಜು ಕುಸ್ತಿಪಟುಗಳು ಸತ್ತರು. ನಾರ್ತ್ ಕೆರೊಲಿನಾದಲ್ಲಿ 19 ವರ್ಷದವನು, ವಿಸ್ಕಾನ್ಸಿನ್‌ನಲ್ಲಿ 22ರವನು, ಮಿಷಿಗನ್‌ನಲ್ಲಿ 21ರವನು. ಮೂವರೂ ಎದುರಾಳಿಯ ಪಟ್ಟಿಗೆ ಸಿಕ್ಕಿ ಸತ್ತವರಲ್ಲ. ತೂಕ ಇಳಿಸುತ್ತಾ ಸತ್ತರು. ಮೊದಲನೆಯವನು ಸೀಸನ್‌ಗೆ ಮುಂಚೆ 233 ಪೌಂಡ್ ಇದ್ದ, ಅಂದರೆ 105 ಕೆಜಿಗೂ ಮೇಲೆ. ನವೆಂಬರ್ ಹೊತ್ತಿಗೆ 210ಕ್ಕೆ ಬಂದಿದ್ದ. ಇಳಿಯಬೇಕಾದದ್ದು 195ಕ್ಕೆ. ಉಳಿದ 15 ಪೌಂಡನ್ನ, ನಮ್ಮ ಲೆಕ್ಕದಲ್ಲಿ ಆರೂಮುಕ್ಕಾಲು ಕೆಜಿಯನ್ನ, ಸುಮಾರು ಹನ್ನೆರಡು ಗಂಟೆಯಲ್ಲಿ ಇಳಿಸೋಕೆ ಹೊರಟ. ಊಟ ನೀರು ಬಿಟ್ಟು, ಗಾಳಿಯಾಡದ ಸೂಟು ಹಾಕಿ, ಮಧ್ಯಾಹ್ನದಿಂದ ರಾತ್ರಿವರೆಗೆ ವ್ಯಾಯಾಮ ಮಾಡಿದ. ಎರಡು ಗಂಟೆ ಮಲಗಿ ಎದ್ದು ಮತ್ತೆ ಶುರು ಮಾಡಿದ. ಬೆಳಗಿನ ಜಾವ ಸುಸ್ತಾಗಿ ನಿಲ್ಲಿಸಿದವನ ಉಸಿರು, ಎದೆಬಡಿತ ಎರಡೂ ಸ್ವಲ್ಪ ಹೊತ್ತಿನಲ್ಲೇ ನಿಂತವು.

ಮಾವ: ಅಯ್ಯೋ ದೇವರೇ. ಉಳಿದಿಬ್ಬರು?

ಸೊಸೆ: ಇಬ್ಬರೂ ಸೆಪ್ಟೆಂಬರ್‌ನಲ್ಲಿ 180 ಪೌಂಡಿನ ಹತ್ತಿರ ಇದ್ದವರು. ಇಬ್ಬರಿಗೂ ಬೇಕಿದ್ದದ್ದು 153, ಅಂದರೆ 69 ಕೆಜಿ ಚಿಲ್ಲರೆ. ಕೊನೇ ದಿನ ಒಬ್ಬನಿಗೆ ಉಳಿದಿದ್ದದ್ದು 4 ಪೌಂಡ್, ಇನ್ನೊಬ್ಬನಿಗೆ 6. ಅದೇ ಸೂಟು, ಅದೇ ಬಿಸಿ ಕೋಣೆ, ಅದೇ ಸೈಕಲ್ ತುಳಿತ. ಇವರಲ್ಲಿ ಒಬ್ಬನ ಮೈಶಾಖ ಸಾಯೋ ಹೊತ್ತಿಗೆ 108 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ಬೆವರು ಮೈಯನ್ನ ತಣ್ಣಗೆ ಮಾಡೋದು ಆವಿಯಾದಾಗ ಮಾತ್ರ ಮಾವ. ಪ್ಲಾಸ್ಟಿಕ್ ಒಳಗೆ ಬೆವರು ಸುರಿಯುತ್ತೆ, ಆವಿಯಾಗಲ್ಲ. ಅಂದರೆ ನೀರೂ ಹೋಯಿತು, ಮೈ ತಣ್ಣಗೂ ಆಗಲಿಲ್ಲ. ರಕ್ತದಲ್ಲಿ ನೀರಿನ ಪಾಲು ಕಮ್ಮಿಯಾದಂತೆ ಚರ್ಮಕ್ಕೆ ಹರಿಯೋ ರಕ್ತವೂ ಕಮ್ಮಿಯಾಗುತ್ತೆ, ಹೃದಯ ಇನ್ನೂ ಜೋರಾಗಿ ಹೊಡ್ಕೊಳುತ್ತೆ, ಒಳಗಿನ ಶಾಖ ಏರುತ್ತಾ ಹೋಗುತ್ತೆ. ಮಾಂಸಖಂಡ ಒಡೆದು ಅದರ ಅಂಶ ರಕ್ತಕ್ಕೆ ಸೇರಿದರೆ ಮೂತ್ರಪಿಂಡ ಕೈಕೊಡುತ್ತೆ. ನಮ್ಮ ಹುಡುಗರು ಸುತ್ತಿಕೊಳ್ಳೋ ಪ್ಲಾಸ್ಟಿಕ್ ಮಾಡೋ ಕೆಲಸವೂ ಇದೇ.

ಮಾವ: ಯಾರೂ ಮೊದಲೇ ಎಚ್ಚರಿಸಿರಲಿಲ್ಲವಾ?

ಸೊಸೆ: ಮೂವತ್ತು ವರ್ಷದಿಂದ ಎಚ್ಚರಿಸ್ತಾನೇ ಇದ್ದರು. ಅದೇ ನನಗೆ ಹೊಟ್ಟೆ ಉರಿಸೋ ವಿಷಯ. 1967ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಶನ್ ಹೇಳಿತ್ತು. 1970ರಲ್ಲಿ ಚಾರ್ಲ್ಸ್ ಟಿಪ್ಟನ್ ಅನ್ನೋ ವಿಜ್ಞಾನಿ ಅಯೋವಾ ರಾಜ್ಯದ ಹೈಸ್ಕೂಲ್ ಕುಸ್ತಿ ಹುಡುಗರನ್ನ ಅಧ್ಯಯನ ಮಾಡಿ, ಅವರು ಸರಾಸರಿ ದೇಹತೂಕದ ಶೇಕಡ 5ರಷ್ಟನ್ನ ಕಳ್ಕೊಳ್ತಾರೆ, ಅದರಲ್ಲೂ ಹೆಚ್ಚಿನ ಪಾಲು ಕೊನೇ ದಿನಗಳಲ್ಲಿ ಅಂತ ತೋರಿಸಿದ್ದರು. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 1976ರಲ್ಲಿ ಒಂದು ಹೇಳಿಕೆ ಹೊರಡಿಸಿತು, 1996ರಲ್ಲಿ ಅದನ್ನ ಪರಿಷ್ಕರಿಸಿತು. ಅದಾಗಿ ಮುಂದಿನ ವರ್ಷವೇ ಮೂರು ಸಾವು. ಇನ್ನೊಂದು ಕೇಳಿ. ವಿಸ್ಕಾನ್ಸಿನ್‌ನ ಹೈಸ್ಕೂಲುಗಳಲ್ಲಿ 1989ರಲ್ಲೇ ಕೊಬ್ಬು ಅಳೆದು ಕನಿಷ್ಠ ತೂಕ ಗೊತ್ತು ಮಾಡೋ ಯೋಜನೆ ಶುರುವಾಗಿತ್ತು. ಕೆಲವೇ ವರ್ಷಗಳಲ್ಲಿ ಕಡ್ಡಾಯವೂ ಆಯಿತು. ದೇಶಕ್ಕೆಲ್ಲ ಅದೇ ಮೊದಲು. ಆದರೆ ಕಾಲೇಜು ಕುಸ್ತಿಗೆ ಆ ನಿಯಮ ಇರಲಿಲ್ಲ. ಅದೇ ರಾಜ್ಯದಲ್ಲಿ ಹೈಸ್ಕೂಲ್ ಹುಡುಗನಿಗೆ ಇದ್ದ ರಕ್ಷಣೆ ಆ 22 ವರ್ಷದ ಹುಡುಗನಿಗೆ ಸಿಗಲಿಲ್ಲ.

ಮಾವ: ಆಮೇಲಾದರೂ ಬದಲಾಯಿಸಿದರಾ?

ಸೊಸೆ: ತಕ್ಷಣ. ಕಾಲೇಜು ಕ್ರೀಡೆಗಳನ್ನ ನಡೆಸೋ ಎನ್‌ಸಿಎಎ ಸಂಸ್ಥೆ 1998ರ ಜನವರಿಯಲ್ಲೇ ಹೊಸ ನಿಯಮ ತಂದಿತು. ರಬ್ಬರ್ ಸೂಟು, ಸೌನಾ, ಬಿಸಿ ಕೋಣೆ, ಭೇದಿ ಮಾತ್ರೆ, ಮೂತ್ರ ಹೆಚ್ಚಿಸೋ ಮಾತ್ರೆ ಎಲ್ಲಾ ನಿಷೇಧ. ತೂಕ ನೋಡೋದನ್ನ ಕುಸ್ತಿಗೆ ಒಂದೆರಡು ಗಂಟೆ ಮುಂಚೆಗೆ ತಂದರು. ಹಿಂದಿನ ದಿನ ತೂಕ ಕೊಟ್ಟು ರಾತ್ರಿಯೆಲ್ಲಾ ನೀರು ತುಂಬಿಕೊಳ್ಳೋಕೆ ಸಮಯ ಸಿಗದ ಹಾಗೆ. ವಿಭಾಗಗಳ ಮಿತಿಯನ್ನೂ ಏರಿಸಿದರು, 118 ಪೌಂಡ್ ಇದ್ದದ್ದು 125 ಆಯಿತು. 1998-99ರ ಸೀಸನ್‌ನಿಂದ ಎಲ್ಲರಿಗೂ ಕೊಬ್ಬಿನ ಅಳತೆ, ಉಚ್ಚೆ ಪರೀಕ್ಷೆ. ಫಲ ಕಣ್ಣಿಗೆ ಕಾಣುವಂತಿತ್ತು. 1992ರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ತೂಕ ಕೊಟ್ಟು ಕುಸ್ತಿಗೆ ಇಳಿಯೋದರೊಳಗೆ ಪೈಲ್ವಾನರು ಸರಾಸರಿ 3.7 ಕೆಜಿ ಮತ್ತೆ ಏರ್ತಿದ್ದರು. 1999ರಲ್ಲಿ ಅದು ಒಂದು ಕೆಜಿಗಿಂತ ಕಮ್ಮಿ. ಹೈಸ್ಕೂಲುಗಳಿಗೆ ದೇಶದಾದ್ಯಂತ ಇದು ಬರೋಕೆ 2006-07ರವರೆಗೆ ಕಾಯಬೇಕಾಯಿತು.

ಮಾವ: ಸರಿ, ಈಗ ಅಳೆಯೋದು ಹೇಗೆ ಹೇಳು. ಕೊಬ್ಬನ್ನ ಮೈಯಿಂದ ತೆಗೆದು ತೂಗೋಕಾಗಲ್ಲವಲ್ಲ.

ಸೊಸೆ: ಮೊದಲು ಉಚ್ಚೆ. ಒಂದು ಹನಿಯನ್ನ ರಿಫ್ರ್ಯಾಕ್ಟೋಮೀಟರ್ ಗಾಜಿನ ಮೇಲೆ ಹಾಕಿ, ಬೆಳಕಿಗೆ ಹಿಡಿದು ನೋಡಿದರೆ ಸಾಂದ್ರತೆ ಎಷ್ಟು ಅಂತ ಗೆರೆಯ ಮೇಲೆ ಕಾಣುತ್ತೆ. ಶುದ್ಧ ನೀರಿಗೆ 1.000. ಮೈಯಲ್ಲಿ ನೀರು ಕಮ್ಮಿಯಾದಷ್ಟೂ ಉಚ್ಚೆ ಗಟ್ಟಿಯಾಗುತ್ತೆ, ಅಂಕಿ ಏರುತ್ತೆ. ಹೈಸ್ಕೂಲ್ ಹುಡುಗರಿಗೆ 1.025 ದಾಟಬಾರದು. ಕಾಲೇಜಿನವರಿಗೆ ಇನ್ನೂ ಬಿಗಿ, 1.020. ಅದರಲ್ಲಿ ಪಾಸಾದರೆ ತಕ್ಕಡಿ, ಆಮೇಲೆ ಕ್ಯಾಲಿಪರ್. ತೋಳಿನ ಹಿಂಭಾಗ, ಹೆಗಲ ಮೂಳೆ ಕೆಳಗೆ, ಹೊಕ್ಕುಳ ಪಕ್ಕ, ಈ ಮೂರು ಕಡೆ ಚರ್ಮವನ್ನ ಅದರಡಿಯ ಕೊಬ್ಬಿನ ಸಮೇತ ಎರಡು ಬೆರಳಲ್ಲಿ ಹಿಡಿದೆತ್ತಿ, ಕ್ಯಾಲಿಪರ್‌ನಿಂದ ಎಷ್ಟು ಮಿಲಿಮೀಟರ್ ದಪ್ಪ ಅಂತ ನೋಡ್ತೀವಿ. ಒಂದೊಂದು ಜಾಗದಲ್ಲೂ ಮೂರು ಸಲ. ಆ ಅಂಕಿಗಳನ್ನ ಸೂತ್ರಕ್ಕೆ ಹಾಕಿದರೆ ಮೈಯಲ್ಲಿ ಕೊಬ್ಬು ಶೇಕಡ ಎಷ್ಟು ಅಂತ ಬರುತ್ತೆ. ಹುಡುಗಿಯರಿಗೆ ತೋಳು ಮತ್ತು ಬೆನ್ನು, ಎರಡೇ ಜಾಗ, ಬೇರೆ ಸೂತ್ರ.

ಮಾವ: ಆಮೇಲೆ?

ಸೊಸೆ: ಆಮೇಲೆ ಲೆಕ್ಕ ಸುಲಭ. 70 ಕೆಜಿ ಹುಡುಗ, ಕೊಬ್ಬು ಶೇಕಡ 12 ಅಂತ ಇಟ್ಟುಕೊಳ್ಳಿ. 8.4 ಕೆಜಿ ಕೊಬ್ಬು, ಉಳಿದ 61.6 ಕೆಜಿ ಮಾಂಸಖಂಡ, ಮೂಳೆ, ನೀರು. ಹೈಸ್ಕೂಲ್ ಹುಡುಗನಿಗೆ ಕನಿಷ್ಠ ಶೇಕಡ 7 ಕೊಬ್ಬು ಇರಲೇಬೇಕು ಅಂತ ನಿಯಮ. ಅಂದರೆ ಆ 61.6 ಕೆಜಿ ಅವನ ಕನಿಷ್ಠ ತೂಕದ ಶೇಕಡ 93 ಆಗಬೇಕು. 0.93ರಿಂದ ಭಾಗಿಸಿದರೆ 66.2. ಅವನು 65 ಕೆಜಿ ವಿಭಾಗಕ್ಕೆ ಇಳಿಯೋ ಹಾಗಿಲ್ಲ, 70ರಲ್ಲೇ ಆಡಬೇಕು. ಈಗ ಅದೇ ಹುಡುಗ ಹಿಂದಿನ ದಿನ ಬೆವರಿಳಿಸಿ ಮೂರು ಕೆಜಿ ಕಳ್ಕೊಂಡು ಬಂದ ಅಂತಿಟ್ಟುಕೊಳ್ಳಿ. ತಕ್ಕಡಿ 67 ತೋರಿಸುತ್ತೆ. ಬೆವರಿನಿಂದ ಹೋದದ್ದು ನೀರು, ಚರ್ಮದಡಿಯ ಕೊಬ್ಬು ಹಾಗೇ ಇದೆ, ಕ್ಯಾಲಿಪರ್ ಹೆಚ್ಚು ಕಮ್ಮಿ ಅದೇ ಶೇಕಡ 12 ಹೇಳುತ್ತೆ. ಲೆಕ್ಕ ಮಾಡಿದರೆ ಕನಿಷ್ಠ ತೂಕ 63.4! 65ರ ಬಾಗಿಲು ತೆರೆಯಿತು. ಉಚ್ಚೆಯನ್ನ ಮೊದಲು ನೋಡೋದು ಈ ಮೋಸ ನಡೆಯಬಾರದು ಅಂತ.

ಮಾವ: ನೆನೆದ ಪಂಚೆಯನ್ನ ಹಿಂಡಿ ತೂಗಿದ ಹಾಗಾಯಿತು. ನೀರು ಹೋಯಿತೇ ಹೊರತು ಎಳೆ ಒಂದೂ ಕಮ್ಮಿಯಾಗಿಲ್ಲ.

ಸೊಸೆ: ಹೌದು. ಇನ್ನು 70ರಿಂದ 66.2ಕ್ಕೆ ಇಳಿಯೋದಕ್ಕೂ ವೇಗದ ಮಿತಿ ಇದೆ. ವಾರಕ್ಕೆ ದೇಹತೂಕದ ಶೇಕಡ 1.5ಕ್ಕಿಂತ ಹೆಚ್ಚು ಇಳಿಸಬಾರದು. ಮೊದಲ ವಾರ ಒಂದು ಕೆಜಿ ಚಿಲ್ಲರೆ, ಹಾಗೇ ಮುಂದುವರಿದರೆ ಅಲ್ಲಿಗೆ ತಲುಪೋಕೆ ಸುಮಾರು ನಾಲ್ಕು ವಾರ. ಕಂಪ್ಯೂಟರ್ ವಾರವಾರದ ಪಟ್ಟಿ ಕೊಡುತ್ತೆ. ಈ ವಾರ ಇಷ್ಟು ತೂಕಕ್ಕಿಂತ ಕಮ್ಮಿ ಇದ್ದರೆ ಆ ವಿಭಾಗದಲ್ಲಿ ಆಡುವಂತಿಲ್ಲ ಅಂತ. ನಾಲ್ಕು ವಾರದಲ್ಲಿ ಇಳಿಯೋದು ಕೊಬ್ಬು. ನಾಲ್ಕು ಗಂಟೆಯಲ್ಲಿ ಇಳಿಯೋದು ಬರೀ ನೀರು.

ಮಾವ: ನಿನ್ನ ಕ್ಯಾಲಿಪರ್ ಮಾತನ್ನ ಅಷ್ಟು ನಂಬಬಹುದಾ? ಚರ್ಮ ಹಿಡಿಯೋ ಕೈ ಬದಲಾದರೆ ಅಂಕಿಯೂ ಬದಲಾಗುತ್ತೆ.

ಸೊಸೆ: ಬದಲಾಗುತ್ತೆ. ಪಳಗಿದ ಕೈಯಲ್ಲೂ ಕನಿಷ್ಠ ತೂಕದಲ್ಲಿ ಎರಡು ಕೆಜಿ ಆಚೀಚೆ ಆಗಬಹುದು. ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತೂಗೋ ವಿಧಾನ ಇದೆ, ಗಾಳಿ ಪೆಟ್ಟಿಗೆಯಲ್ಲಿ ಕೂರಿಸಿ ಮೈಯ ಗಾತ್ರ ಅಳೆಯೋ ಯಂತ್ರವೂ ಇದೆ. ಅವು ಇನ್ನಷ್ಟು ನಿಖರ, ಆದರೆ ಪ್ರತಿ ಊರಿನಲ್ಲೂ ಇಡೋಕಾಗಲ್ಲ. ಮೇಲೆ ನಿಂತರೆ ಕೊಬ್ಬಿನ ಅಂಕಿ ಹೇಳೋ ಜಿಮ್ ಯಂತ್ರಗಳಿವೆಯಲ್ಲ, ಅವು ಮೈಯೊಳಗೆ ಸಣ್ಣ ವಿದ್ಯುತ್ ಹರಿಸಿ ನೀರಿನ ಅಂದಾಜಿನಿಂದ ಲೆಕ್ಕ ಹಾಕೋದು. ಒಂದು ಚೊಂಬು ನೀರು ಕುಡಿದರೂ, ಬೆವರಿದರೂ ಅವುಗಳ ಅಂಕಿ ಅಲುಗಾಡುತ್ತೆ. ಹಾಗಾಗಿಯೇ ನಮ್ಮಲ್ಲಿ ಮೇಲ್ಮನವಿಗೆ ಅವಕಾಶ ಇದೆ. ಕ್ಯಾಲಿಪರ್ ಅಂಕಿ ಒಪ್ಪದವರು ಹೆಚ್ಚು ನಿಖರ ವಿಧಾನದಿಂದ ಮತ್ತೆ ಅಳೆಸಿಕೊಳ್ಳಬಹುದು. ಹುಟ್ಟಿನಿಂದಲೇ ಸಣಕಲ, ಕೊಬ್ಬು ಶೇಕಡ 7ಕ್ಕಿಂತ ಕಮ್ಮಿ ಇರೋ ಹುಡುಗನೂ ಇರ್ತಾನೆ. ಅವನು ವೈದ್ಯರ ಪತ್ರ, ತಂದೆತಾಯಿಯ ಒಪ್ಪಿಗೆ ತಂದರೆ ಆಡಬಹುದು, ಆದರೆ ಇರೋ ತೂಕದಲ್ಲೇ. ಒಂದು ಗ್ರಾಂ ಕೂಡ ಇಳಿಸುವಂತಿಲ್ಲ.

ಮಾವ: ಉಚ್ಚೆ ಪರೀಕ್ಷೆಯನ್ನೂ ಯಾಮಾರಿಸ್ತಾರೆ ಬಿಡು. ಹುಡುಗರ ತಲೆ ಅದರಲ್ಲಿ ಚುರುಕು.

ಸೊಸೆ: ಯಾಮಾರಿಸ್ತಾರೆ. ಎರಡು ದಿನ ಒಣಗಿ, ಪರೀಕ್ಷೆಗೆ ಒಂದೆರಡು ಗಂಟೆ ಮುಂಚೆ ಲೀಟರ್‌ಗಟ್ಟಲೆ ನೀರು ಕುಡಿದರೆ ಉಚ್ಚೆ ತಿಳಿಯಾಗುತ್ತೆ, ಮೈಯೊಳಗೆ ಇನ್ನೂ ನೀರು ಸಾಲದೇ ಇರುತ್ತೆ. ಬೇರೆಯವರ ಉಚ್ಚೆ ತರೋರೂ ಉಂಟು. ಅದಕ್ಕೇ ಎದುರಲ್ಲಿ ನಿಂತು ಮಾದರಿ ತೆಗೆಸ್ತೀವಿ, ಬಿಸಿ ಇದೆಯಾ ನೋಡ್ತೀವಿ. ಆದರೆ ಮಾವ, ನನಗೆ ಇದಕ್ಕಿಂತ ಹೆಚ್ಚು ಚಿಂತೆ ಇನ್ನೊಂದರದು. ಕನಿಷ್ಠ ತೂಕ ಅಂತ ಪಟ್ಟಿಯಲ್ಲಿ ಬರೆದದ್ದನ್ನ ಕೋಚ್‌ಗಳು, ಅಪ್ಪಂದಿರು ಗುರಿ ಅಂತ ಓದ್ತಾರೆ. ‘66.2 ಬಂದಿದೆ, ಅಲ್ಲಿಗೆ ಇಳಿಸೋಣ’ ಅಂತಾರೆ. ಆ ಅಂಕಿ ಹೇಳೋದು ಇಷ್ಟೇ: ಇದರ ಕೆಳಗೆ ಅಪಾಯ. ಅಲ್ಲಿ ಅವನು ಚೆನ್ನಾಗಿ ಆಡ್ತಾನೆ ಅಂತ ಅದು ಹೇಳಲ್ಲ. ಬೆಳೆಯೋ ವಯಸ್ಸಿನ ಹುಡುಗ, ಈ ವರ್ಷ 70 ಇದ್ದವನು ಮುಂದಿನ ವರ್ಷ ಸುಮ್ಮನೆ ಉಂಡರೂ 74 ಆಗಬೇಕಾದವನು. ಅವನನ್ನ 66ರಲ್ಲಿ ಕಟ್ಟಿಹಾಕಿದರೆ ಅವನ ಎತ್ತರ, ಮೂಳೆ, ಓದು ಎಲ್ಲದಕ್ಕೂ ಪೆಟ್ಟು.

ಮಾವ: ಹುಡುಗಿಯರ ವಿಷಯ ಹೇಳಿದೆಯಲ್ಲ, ಈಗ ನಮ್ಮ ಊರುಗಳಲ್ಲೂ ಹೆಣ್ಣುಮಕ್ಕಳು ಕುಸ್ತಿಗೆ ಬರ್ತಿದ್ದಾರೆ. ಅವರಿಗೂ ಇದೇ ಶೇಕಡ ಏಳೇನಾ?

ಸೊಸೆ: ಇಲ್ಲ, 12. ಹೆಣ್ಣಿನ ಮೈಗೆ ಕೊಬ್ಬು ಹೆಚ್ಚು ಬೇಕು, ಮುಟ್ಟು, ಮೂಳೆ ಎರಡೂ ಅದನ್ನ ನಂಬಿಕೊಂಡಿವೆ. ಉಣ್ಣೋದು ಕಮ್ಮಿ, ದುಡಿಯೋದು ಹೆಚ್ಚು ಆದಾಗ ಮೈ ಮೊದಲು ಮುಟ್ಟನ್ನ ನಿಲ್ಲಿಸುತ್ತೆ. ಆಮೇಲೆ ಮೂಳೆ ಸವೆದು ಸಣ್ಣ ಪೆಟ್ಟಿಗೇ ಬಿರುಕು ಬಿಡುತ್ತೆ. 2014ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದಕ್ಕೆ ರೆಡ್-ಎಸ್ ಅಂತ ಹೆಸರು ಕೊಟ್ಟು, ಗಂಡುಹುಡುಗರಿಗೂ ಇದು ಬರುತ್ತೆ ಅಂತ ಎಚ್ಚರಿಸಿತು. ಹಾಸ್ಟೆಲ್‌ನಲ್ಲಿ ಹುಡುಗಿಗೆ ಮೂರು ತಿಂಗಳು ಮುಟ್ಟು ಬಂದಿಲ್ಲ ಅಂದರೆ ಅದನ್ನ ನಾಚಿಕೆ ಬಿಟ್ಟು ಕೇಳೋರು, ಕೇಳಿಸಿಕೊಳ್ಳೋರು ಒಬ್ಬರು ಇರಬೇಕು. ಕೋಚ್ ಗಂಡಸಾದರೆ ಒಬ್ಬ ನರ್ಸ್ ಇರಲಿ, ವಾರ್ಡನ್ ಇರಲಿ. ಅದು ಯಂತ್ರ ಇಲ್ಲದೇ ಆಗೋ ಅಳತೆ.

ಮಾವ: ನನ್ನ ಗರಡಿಯಲ್ಲಿ ಇದನ್ನ ಕೇಳೋರು ಯಾರೂ ಇಲ್ಲ. ನಿಮ್ಮತ್ತೆಗೆ ಹೇಳಬೇಕು, ಅವಳಿಗೆ ಮಕ್ಕಳು ಹೇಳ್ಕೊಳ್ತಾರೆ... ವಿನೇಶ್ ಫೋಗಟ್ ವಿಷಯ ಬಂದಾಗ ನಾನು ಟಿವಿ ಮುಂದೆ ಅತ್ತುಬಿಟ್ಟೆ ಕಣಮ್ಮ. ಬರೀ 100 ಗ್ರಾಂ.

ಸೊಸೆ: ಎಲ್ಲರೂ 100 ಗ್ರಾಂ ಬಗ್ಗೆಯೇ ಮಾತಾಡಿದರು. ನನ್ನನ್ನ ಕಾಡಿದ್ದು ಬೇರೆ ಅಂಕಿ. 2024ರ ಆಗಸ್ಟ್ 6ರಂದು ಬೆಳಿಗ್ಗೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆಕೆಯ ತೂಕ 49.9 ಕೆಜಿ. ಮೂರು ಕುಸ್ತಿ ಗೆದ್ದು ಸಂಜೆ ನೋಡಿದರೆ 52.7. ನಡುವೆ ತಿಂದದ್ದು, ಕುಡಿದದ್ದು ಆಡೋಕೆ ಬೇಕಾದಷ್ಟು ಮಾತ್ರ. ಒಣಗಿದ್ದ ಮೈ ಸಿಕ್ಕಿದ್ದನ್ನೆಲ್ಲ ಹಿಡಿದುಕೊಂಡಿತು. ರಾತ್ರಿಯೆಲ್ಲ ನಿದ್ದೆ ಇಲ್ಲದೆ ಓಡಿದರು, ಸೌನಾದಲ್ಲಿ ಕೂತರು, ಕೂದಲನ್ನೂ ಕತ್ತರಿಸಿದರು. ಬೆಳಿಗ್ಗೆ 50.1. 50ರ ಮಿತಿ ದಾಟಿದ್ದಕ್ಕೆ ಫೈನಲ್ ಆಡೋಕೆ ಮುಂಚೆಯೇ ಅನರ್ಹ. ಅಂತಾರಾಷ್ಟ್ರೀಯ ಕುಸ್ತಿಯಲ್ಲಿ 2018ರಿಂದ ಎರಡು ದಿನವೂ ಬೆಳಿಗ್ಗೆ ತೂಕ ನೋಡ್ತಾರೆ. ನೀರು ಹಿಂಡಿ ಕೆಳಗೆ ಇಳಿಯೋದನ್ನ ತಡೆಯೋಕೇ ಮಾಡಿದ ನಿಯಮ ಅದು. ಆದರೆ ‘ನೀನು ಈ ವಿಭಾಗಕ್ಕೆ ಇಳಿಯಬಹುದಾ’ ಅಂತ ತಿಂಗಳುಗಳ ಮುಂಚೆ ಮೈಯನ್ನ ಅಳೆದು ಹೇಳೋ ನಿಯಮ ಅಲ್ಲಿಲ್ಲ. ವಿನೇಶ್ ಮೊದಲು ಆಡ್ತಿದ್ದದ್ದು 53 ಕೆಜಿಯಲ್ಲಿ. ಆ ಜಾಗ ಬೇರೆಯವರ ಪಾಲಾಗಿತ್ತು, 50ಕ್ಕೆ ಇಳಿದರು. ವಿಭಾಗದಲ್ಲಿ ಜಾಗ ಖಾಲಿ ಇದೆ ಅಂತ ಮೈಯನ್ನ ಅಲ್ಲಿಗೆ ಕಳಿಸೋದು ನಿಲ್ಲಬೇಕು. ಆ ಸಲ ಕಂಚು ಗೆದ್ದ ಅಮನ್ ಸೆಹ್ರಾವತ್ ಕೂಡ ಕೊನೇ ಕುಸ್ತಿಗೆ ಮುಂಚೆ ಹತ್ತು ಗಂಟೆಯಲ್ಲಿ 4.6 ಕೆಜಿ ಇಳಿಸಿದರು. ಅದನ್ನ ನಾವು ಸಾಹಸ ಅಂತ ಕೊಂಡಾಡಿದೆವು. ಮರುವರ್ಷ ಝಾಗ್ರೆಬ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದೇ ಹುಡುಗ 1.7 ಕೆಜಿ ಹೆಚ್ಚಾಗಿ ಅನರ್ಹನಾದ.

ಮಾವ: ಅವರೆಲ್ಲ ದೊಡ್ಡವರು, ಗೊತ್ತಿದ್ದು ಮಾಡ್ತಾರೆ. ನನ್ನ ಪ್ರಶ್ನೆ ಬಡವರ ಮಕ್ಕಳದು. ಒಬ್ಬ ಹುಡುಗ 70ರಲ್ಲಿ ಆಡಿದರೆ ಮೂರನೇ ಸುತ್ತಿಗೆ ಸೋಲ್ತಾನೆ, 61ಕ್ಕೆ ಇಳಿದರೆ ರಾಜ್ಯ ಮಟ್ಟದ ಪದಕ, ಅದರ ಮೇಲೆ ಒಂದು ಕೆಲಸ. ನಿನ್ನ ಗೆರೆ ಅವನ ಅನ್ನದ ದಾರಿಗೆ ಅಡ್ಡ ಬಂದ ಹಾಗಾಗಲ್ಲವಾ?

ಸೊಸೆ: ಈ ಪ್ರಶ್ನೆಯನ್ನ ಹಗುರ ಮಾಡಲಾರೆ ಮಾವ. ಆದರೆ ಅವನೊಬ್ಬನೇ ಇಳಿಯಲ್ಲ. 70ರವನು 61ಕ್ಕೆ ಇಳಿದರೆ ಸಹಜವಾಗಿ 61 ಇರೋ ಇನ್ನೊಬ್ಬ ಬಡವನ ಮಗ 57ಕ್ಕೆ ಒಣಗಬೇಕು, ಅವನ ಕೆಳಗಿನವನು ಇನ್ನೂ ಕೆಳಕ್ಕೆ. ಎಲ್ಲರೂ ಹಸಿದು ನಿಂತ ಮೇಲೆ ಯಾರಿಗೂ ಲಾಭ ಇಲ್ಲ, ಎದುರಾಳಿ ಮತ್ತೆ ಅವನೇ. ಎಲ್ಲರಿಗೂ ಒಂದೇ ದಿನ ಗೆರೆ ಬಿದ್ದರೆ ಎಲ್ಲರೂ ಉಂಡುಕೊಂಡೇ ಅದೇ ಎದುರಾಳಿಯ ಜೊತೆ ಆಡಬಹುದು. ಒಂದು ಹಾಸ್ಟೆಲ್, ಒಬ್ಬ ಕೋಚ್ ಮಾತ್ರ ಪಾಲಿಸಿದರೆ ಅವರ ಹುಡುಗರು ಸೋಲ್ತಾರೆ. ಹಾಗಾಗಿ ಇದು ಕುಸ್ತಿ ಸಂಘ ಮಾಡಬೇಕಾದ ನಿಯಮ, ಒಬ್ಬೊಬ್ಬರ ಒಳ್ಳೇತನಕ್ಕೆ ಬಿಡೋದಲ್ಲ.

ಮಾವ: ಖರ್ಚು?

ಸೊಸೆ: ಕೈಯಲ್ಲಿ ಹಿಡಿಯೋ ರಿಫ್ರ್ಯಾಕ್ಟೋಮೀಟರ್‌ಗೆ ಕೆಲವು ಸಾವಿರ ರೂಪಾಯಿ. ಒಳ್ಳೇ ಕ್ಯಾಲಿಪರ್ ಇನ್ನಷ್ಟು ದುಬಾರಿ, ಆದರೆ ಜಿಲ್ಲೆಗೊಂದು ಸಾಕು. ಹೊಸ ಮ್ಯಾಟ್‌ಗೆ ಸುರಿಯೋ ದುಡ್ಡಿನ ಮುಂದೆ ಅದು ಏನೇನೂ ಅಲ್ಲ. ಬೇಕಾಗಿರೋದು ಪಳಗಿದ ಕೈ. ದೈಹಿಕ ಶಿಕ್ಷಣ ಕಾಲೇಜಿನ ವಿದ್ಯಾರ್ಥಿಗಳಿಗೆ ಕಲಿಸಬಹುದು. ಒಂದು ಎಚ್ಚರಿಕೆ ಮಾತ್ರ ಹೇಳ್ತೀನಿ. ನಾವು ಬಳಸೋ ಸೂತ್ರಗಳು ಅಮೆರಿಕದ ಹುಡುಗರ ಮೈ ಅಳೆದು ಮಾಡಿದ್ದು. ನಮ್ಮವರಲ್ಲಿ ಅದೇ ಎತ್ತರ, ಅದೇ ತೂಕಕ್ಕೆ ಕೊಬ್ಬು ಹೆಚ್ಚಿರುತ್ತೆ, ಮಾಂಸಖಂಡ ಕಮ್ಮಿ. ಸೂತ್ರವನ್ನ ಕಣ್ಣುಮುಚ್ಚಿ ತಂದು ಇಲ್ಲಿ ಹಾಕಿದರೆ ತಪ್ಪಾಗಬಹುದು. ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಂಥ ಕಡೆ ನಮ್ಮದೇ ಕುಸ್ತಿ ಮಕ್ಕಳನ್ನ ಅಳೆದು ನಮ್ಮದೇ ಸೂತ್ರ ಮಾಡಬೇಕು. ಅಲ್ಲಿಯವರೆಗೆ ಗೆರೆಯನ್ನ ಸ್ವಲ್ಪ ಮೇಲೇ ಹಾಕಿದರೆ ನಷ್ಟವಿಲ್ಲ.

ಮಾವ: ಸೂತ್ರ ಬರೋವರೆಗೆ ನಾನು ಸುಮ್ಮನೆ ಕೂರಬೇಕಾ?

ಸೊಸೆ: ಬೇಡ. ಪ್ಲಾಸ್ಟಿಕ್ ಸುತ್ತೋದನ್ನ ಇವತ್ತೇ ನಿಲ್ಲಿಸಬಹುದು, ಅದಕ್ಕೆ ಯಾವ ಸೂತ್ರವೂ ಬೇಡ. ಬೆಳಿಗ್ಗೆ ಎದ್ದ ಕೂಡಲೆ, ತಾಲೀಮಿಗೆ ಮುಂಚೆ ಮತ್ತು ನಂತರ, ಪ್ರತಿ ಹುಡುಗನ ತೂಕವನ್ನ ಒಂದು ಪುಸ್ತಕದಲ್ಲಿ ಬರೆಯಿರಿ. ಒಂದು ತಾಲೀಮಿನಲ್ಲಿ ಶೇಕಡ ಎರಡಕ್ಕಿಂತ ಹೆಚ್ಚು ಇಳಿದವನನ್ನ ಕೂರಿಸಿ ನೀರು ಕುಡಿಸಿ. ಉಚ್ಚೆಯ ಬಣ್ಣ ನೋಡಿಕೊಳ್ಳೋಕೆ ಮಕ್ಕಳಿಗೇ ಕಲಿಸಿ, ತಿಳಿ ಹಳದಿ ಇದ್ದರೆ ಸರಿ, ಕಂದು ಕಡೆಗೆ ತಿರುಗಿದರೆ ಅವತ್ತು ಮಟ್ಟಿಗೆ ಇಳಿಯೋದು ಬೇಡ. ಯಾವ ವಿಭಾಗದಲ್ಲಿ ಆಡಬೇಕು ಅನ್ನೋ ಮಾತನ್ನ ಸೆಲೆಕ್ಷನ್ ಹಿಂದಿನ ವಾರ ಆಡಬೇಡಿ. ಜೂನ್‌ನಲ್ಲಿ ಶಾಲೆ ಶುರುವಾಗುವಾಗಲೇ ತಂದೆತಾಯಿಯನ್ನ ಕೂರಿಸಿಕೊಂಡು ಆಡಿ.

ಮಾವ: ಪುಸ್ತಕ ನಾಳೆಯೇ ತರಿಸ್ತೀನಿ. ಸಂಘದವರ ಸಭೆಗೂ ಹೋಗ್ತೀನಿ. ಏನು ಕೇಳಲಿ ಅಂತ ನೀನೇ ಹೇಳು, ಬರ್ಕೊಳ್ತೀನಿ.

ಸೊಸೆ: ಬರ್ಕೊಳ್ಳಿ. ಹದಿನೆಂಟು ತುಂಬದ ಯಾವ ಮಗುವನ್ನೂ, ಬೇರೆಯವರು ಅಳೆದು ಬರೆದುಕೊಟ್ಟ ಕನಿಷ್ಠ ತೂಕದ ಚೀಟಿ ಇಲ್ಲದೆ ಜಿಲ್ಲಾ ಸೆಲೆಕ್ಷನ್‌ನ ತಕ್ಕಡಿ ಹತ್ತಿಸಬೇಡಿ. ಮುಂದಿನ ಸೀಸನ್‌ನಿಂದಲೇ. ಅಮೆರಿಕದವರು ಮೂರು ಹುಡುಗರನ್ನ ಕಳ್ಕೊಂಡ ಮೇಲೆ ಮಾಡಿದ ನಿಯಮವನ್ನ ನಾವು ಒಬ್ಬನನ್ನೂ ಕಳ್ಕೊಳ್ಳದೆ ಮಾಡೋಣ ಅಂತ ಅವರಿಗೆ ಹೇಳಿ.